ಎಕ್ಸ್‌ರೇ ಕೊಡೆವು ಎಂದ ದಂತವೈದ್ಯರು

ಅಮೆರಿಕದ ಇಂಡಿಯಾನಾ ರಾಜ್ಯದ ದಂತವೈದ್ಯರು 1970ರ ದಶಕದಲ್ಲಿ ಒಂದು ಪ್ರತಿಜ್ಞೆಗೆ ಸಹಿ ಹಾಕಿದರು: ವಿಮಾ ಕಂಪನಿಗೆ ಕ್ಲೇಮ್ ಫಾರಂ ಕಳಿಸುತ್ತೇವೆ, ರೋಗಿಯ ಎಕ್ಸ್‌ರೇ ಮಾತ್ರ ಕಳಿಸುವುದಿಲ್ಲ. ಸಹಿ ಮಾಡಿಸಿದ್ದು ಇಂಡಿಯಾನಾ ಡೆಂಟಲ್ ಅಸೋಸಿಯೇಷನ್. ರಾಜ್ಯದ ದಂತವೈದ್ಯರಲ್ಲಿ ಸುಮಾರು ಶೇ. 85ರಷ್ಟು ಮಂದಿ ಆಗ ಅದರ ಸದಸ್ಯರಾಗಿದ್ದರು. ಕ್ಲೇಮಿನ ಜೊತೆ ವೈದ್ಯರು ಬರೆಯುವ ನಾಲ್ಕು ಸಾಲಿನ ವಿವರಣೆಗೆ ಇಂದು ಯಾಕಿಷ್ಟು ತೂಕ ಎಂಬುದು ಈ ಜಗಳವನ್ನು ನೋಡಿದರೆ ತಿಳಿಯುತ್ತದೆ.

ಅಮೆರಿಕದಲ್ಲೂ ಹಲ್ಲಿನ ವಿಮೆ ಬಹಳ ಹಳೆಯದೇನಲ್ಲ. 1954ರಲ್ಲಿ ಪಶ್ಚಿಮ ಕರಾವಳಿಯ ಬಂದರು ಕಾರ್ಮಿಕರ ಸಂಘ, ಹಡಗು ಕಂಪನಿಗಳ ಜೊತೆಗಿನ ಜಂಟಿ ಕಲ್ಯಾಣ ನಿಧಿಯಿಂದ ತನ್ನ ಸದಸ್ಯರ ಮಕ್ಕಳ ಹಲ್ಲಿನ ಚಿಕಿತ್ಸೆಗೆ ಹಣ ಒದಗಿಸಿತು. ಅದಕ್ಕಾಗಿ ವಾಷಿಂಗ್ಟನ್, ಒರೆಗಾನ್, ಕ್ಯಾಲಿಫೋರ್ನಿಯಾಗಳಲ್ಲಿ ಹುಟ್ಟಿದ ಸೇವಾ ಸಂಸ್ಥೆಗಳೇ ಮುಂದೆ ಡೆಲ್ಟಾ ಡೆಂಟಲ್ ಆದವು. ಕಾರ್ಖಾನೆ, ಕಚೇರಿಗಳ ಮಾಲೀಕರೂ ನೌಕರರಿಗೆ ಇಂಥ ವಿಮೆ ಮಾಡಿಸತೊಡಗಿದಾಗ ಖರ್ಚು ಬೆಳೆಯಿತು. ಆಗ ಕಂಪನಿಗಳು ಒಂದು ನಿಯಮ ತಂದವು: ಸಾಕಾಗುವ ಚಿಕಿತ್ಸೆಗಳಲ್ಲಿ ಅತಿ ಕಡಿಮೆ ಖರ್ಚಿನದು ಯಾವುದೋ ಅದಕ್ಕಷ್ಟೇ ಹಣ. ಅದನ್ನು ತೀರ್ಮಾನಿಸಲು ಎಕ್ಸ್‌ರೇ ಬೇಕಿತ್ತು.

ಕ್ಲೇಮನ್ನು ಮೊದಲು ನೋಡುತ್ತಿದ್ದವರು ವೈದ್ಯರಲ್ಲ, ಕಂಪನಿಯ ಗುಮಾಸ್ತರು. ಅವರಿಗೆ ಅನುಮಾನ ಬಂದರಷ್ಟೇ ಸಲಹೆಗಾರ ದಂತವೈದ್ಯರ ಮೇಜಿಗೆ ಹೋಗುತ್ತಿತ್ತು. ಬಾಯಿ ನೋಡದವರು ಬರೀ ಎಕ್ಸ್‌ರೇ ಹಿಡಿದು ಚಿಕಿತ್ಸೆ ನಿರ್ಧರಿಸುವುದು ಸರಿಯಲ್ಲ ಎಂಬುದು ಇಂಡಿಯಾನಾದವರ ವಾದ. ಕಾನೂನಿನ ಭಯದಿಂದ ಅಸೋಸಿಯೇಷನ್ ತಣ್ಣಗಾದರೂ 1976ರಲ್ಲಿ ಆಂಡರ್ಸನ್, ಲಫಾಯೆಟ್, ಫೋರ್ಟ್ ವೇನ್ ಊರುಗಳ ಕೆಲವರು ಬೇರೆಯೇ ಒಕ್ಕೂಟ ಕಟ್ಟಿ ಹಟ ಮುಂದುವರಿಸಿದರು. ವ್ಯಾಪಾರದ ಪೈಪೋಟಿ ಕಾಯುವ ಕೇಂದ್ರ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಅವರ ಮೇಲೆ ಹೂಡಿದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1986ರ ಜೂನ್ 2ರ ಸರ್ವಾನುಮತದ ತೀರ್ಪಿನಲ್ಲಿ ಒಕ್ಕೂಟ ಸೋತಿತು. ಎಲ್ಲರೂ ಸೇರಿ ಮಾಹಿತಿ ತಡೆಹಿಡಿಯುವುದು ವ್ಯಾಪಾರದ ಪೈಪೋಟಿಗೆ ಅಡ್ಡಿ ಎಂದಿತು ನ್ಯಾಯಾಲಯ.

ಕೂಟ ಕಟ್ಟಿ ತಡೆದದ್ದು ತಪ್ಪೇ. ಆದರೆ ಎಕ್ಸ್‌ರೇ ಒಂದರಿಂದಲೇ ಎಲ್ಲ ತಿಳಿಯದು ಎಂಬ ಮಾತು ತಪ್ಪಾಗಿರಲಿಲ್ಲ. ದವಡೆ ಹಲ್ಲಿನ ಕೂದಲೆಳೆಯಂಥ ಬಿರುಕು ಎಷ್ಟೋ ಸಲ ಅದರಲ್ಲಿ ಕಾಣುವುದೇ ಇಲ್ಲ. ಅದನ್ನು ಕಂಡವರು ಬರೆದೇ ತಿಳಿಸಬೇಕು.

ಕೋಡುಗಳೂ ಈ ಕೊರತೆ ತುಂಬಲಿಲ್ಲ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 1969ರಲ್ಲಿ ಚಿಕಿತ್ಸೆಗಳಿಗೆ ಏಕರೂಪದ ಕೋಡುಗಳನ್ನು ಪ್ರಕಟಿಸಿತು; 2000ದ ಕೇಂದ್ರ ನಿಯಮ ಅವನ್ನು ಎಲೆಕ್ಟ್ರಾನಿಕ್ ಕ್ಲೇಮುಗಳಿಗೆ ಕಡ್ಡಾಯ ಮಾಡಿತು. ಏನು ಮಾಡಿದರೆಂದು ಕೋಡು ಹೇಳುತ್ತದೆ, ಯಾಕೆಂದು ಹೇಳುವುದಿಲ್ಲ. ಉದಾಹರಣೆಗೆ ಡಿ2950: ಕ್ಯಾಪ್ ಕೂರಿಸುವ ಮೊದಲು ಹಲ್ಲಿನ ಒಡಲನ್ನು ಕಟ್ಟುವ ಕೆಲಸ. ಕ್ಯಾಪ್ ನಿಲ್ಲಲು ಹಲ್ಲಿನಲ್ಲಿ ಆಧಾರ ಸಾಲದಾಗ ಮಾತ್ರ ಈ ಕೋಡು ಸಲ್ಲುತ್ತದೆ. ಸಣ್ಣಪುಟ್ಟ ತಗ್ಗು ತುಂಬಿದ್ದಕ್ಕಲ್ಲ. ‘ಅಗತ್ಯವಿತ್ತು’ ಎಂದಷ್ಟೇ ಬರೆದರೆ ಕ್ಲೇಮ್ ತಿರಸ್ಕೃತವಾಗಿ ವಾಪಸು ಬಂದೀತು. ಫಾರಮ್ಮಿನ 35ನೇ ಅಂಕಣದಲ್ಲಿ ಹೀಗೆ ಬರೆದರೆ ಮಾತು ಬೇರೆ: ‘30ನೇ ಹಲ್ಲು. ಕಚ್ಚಿ ಬಿಟ್ಟಾಗ ಚಳಕು. ಹಳೆಯ ಬೆಳ್ಳಿ ಫಿಲ್ಲಿಂಗ್ ತೆಗೆದಾಗ ನಾಲಿಗೆ ಕಡೆಯ ಮೊನೆಯ ಬುಡದಲ್ಲಿ ಬಿರುಕು ಕಂಡಿತು. ಹುಳುಕು ತೆಗೆದ ಮೇಲೆ ಉಳಿದದ್ದು ಅರ್ಧಕ್ಕಿಂತ ಕಡಿಮೆ. ಫೋಟೊ ಲಗತ್ತಿಸಿದೆ.’

ಇದರಲ್ಲಿ ವಿಶೇಷಣವಿಲ್ಲ, ಬೇಡಿಕೆಯೂ ಇಲ್ಲ. ಕಣ್ಣಿಗೆ ಬಿದ್ದದ್ದು, ಅಳೆದದ್ದು, ರೋಗಿ ಹೇಳಿದ್ದು ಅಷ್ಟೇ. ವಸಡಿನ ಆಳದ ಸ್ವಚ್ಛತೆಗೂ (ಡಿ4341) ಹೀಗೆಯೇ: ವಸಡು ಎಷ್ಟು ಮಿಲಿಮೀಟರ್ ಸಡಿಲಿದೆ ಎಂದು ಒಂದೊಂದು ಹಲ್ಲಿನ ಸುತ್ತ ಆರು ಕಡೆ ಅಳೆದ ಪಟ್ಟಿಯೇ ಅರ್ಧ ಉತ್ತರ. ಒಂದೇ ಸಿದ್ಧ ವಾಕ್ಯವನ್ನು ಎಲ್ಲ ರೋಗಿಗಳಿಗೂ ಅಂಟಿಸುವ ಕ್ಲಿನಿಕ್ಕುಗಳು ಸಲಹೆಗಾರರ ನಂಬಿಕೆಯನ್ನೇ ಕಳೆದುಕೊಳ್ಳುತ್ತವೆ, ಅದರ ಪೆಟ್ಟು ಬೀಳುವುದು ನಿಜವಾಗಿ ಬಿರುಕಿರುವ ರೋಗಿಗೆ.

ಅಮೆರಿಕದ ಆರೋಗ್ಯ ವಿಮೆಯ ಬಿಲ್ಲಿಂಗ್ ಕೆಲಸ ಈಗ ಬೆಂಗಳೂರಿನಲ್ಲೂ ನಡೆಯುತ್ತದೆ. ನಮ್ಮಲ್ಲಿ ಬಿಡಿಎಸ್ ಓದಿದವರಿಗೆ ಬಲಗಡೆಯ ಕೆಳದವಡೆಯ ಮೊದಲ ದವಡೆ ಹಲ್ಲೆಂದರೆ 46. ಅಮೆರಿಕದವರು 1968ರಿಂದ ಒಪ್ಪಿಕೊಂಡಿರುವ ಎಣಿಕೆಯಲ್ಲಿ ಅದೇ ಹಲ್ಲು 30. ಅಲ್ಲಿನ ಟಿಪ್ಪಣಿಯನ್ನು ಇಲ್ಲಿ ಕೂತು ತಿದ್ದುವವರು ಮೊದಲು ಕಲಿಯಬೇಕಾದದ್ದು ಈ ಎಣಿಕೆಯನ್ನು.