ಇಗರ್ಜಿಯ ಶಿಲ್ಪವೂ ಮಸೀದಿಯ ಶಿಲ್ಪವೂ

ಒಂದು ಮತದವರು ಮತ್ತೊಂದು ಮತದವರ ಶಿಲ್ಪವಿದ್ಯೆಯನ್ನು ಉಪಯೋಗಿಸಿಕೊಂಡಾಗ, ಕೆಲವರು ಅದನ್ನು ಬರಿಯ ಅನುಕರಣವೆಂದು ಹಳಿಯುವರು. ಕೆಲವರು ಆ ಋಣವನ್ನೇ ಮರೆಮಾಡುವರು. ಇವೆರಡೂ ಇತಿಹಾಸಕ್ಕೆ ಸಮ್ಮತವಲ್ಲ. ಪೂರ್ವರೋಮನ್ ಚಕ್ರಾಧಿಪತ್ಯವಾದ ಬೈಜಾಂಟಿಯಮಿನ ಇಗರ್ಜಿಗಳನ್ನೂ ಉಮಯ್ಯದ್ ವಂಶದ ಖಲೀಫರ ಕಟ್ಟಡಗಳನ್ನೂ ಜತೆಯಲ್ಲಿಟ್ಟು ನೋಡಿದರೆ ಈ ಮಾತು ಸ್ಪಷ್ಟವಾಗುವುದು.

ಕ್ರಿ. ಶ. 7ನೆಯ ಶತಮಾನದ ಪೂರ್ವಾರ್ಧದಲ್ಲಿ ಅರಬ್ಬರು ಜೆರೂಸಲೇಮ್ ನಗರವನ್ನು ಗೆದ್ದಾಗ, ಅಲ್ಲಿ ಕ್ರಿಸ್ತನ ಸಮಾಧಿಯೆನಿಸಿದ ಸ್ಥಳದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯು ಕಟ್ಟಿಸಿ, 335ರಲ್ಲಿ ಪ್ರತಿಷ್ಠಿತವಾಗಿದ್ದ ಇಗರ್ಜಿಯಿತ್ತು. ಖಲೀಫ ಅಬ್ದುಲ್ ಮಲಿಕನು ಅದೇ ನಗರದಲ್ಲಿ ಶಿಲಾಗುಮ್ಮಟವನ್ನು ಎತ್ತಿಸಿದನು. ಇದು ಸಾಮೂಹಿಕ ಪ್ರಾರ್ಥನೆಯ ಮಸೀದಿಯಲ್ಲ. ಪವಿತ್ರವಾದ ಬಂಡೆಯೊಂದನ್ನು ಆವರಿಸಿರುವ ಪುಣ್ಯಮಂದಿರ. ಇದರ ಅಷ್ಟಕೋನದ ವಿನ್ಯಾಸವೂ, ನಡುವಣ ಸ್ಥಾನವನ್ನು ಬಳಸಿ ನಡೆಯುವ ಪ್ರದಕ್ಷಿಣಾಪಥವೂ ಕ್ರೈಸ್ತಶಿಲ್ಪಿಗಳಿಗೆ ಮೊದಲೇ ತಿಳಿದಿದ್ದುವು. ಇಟಲಿಯ ರಾವೆನ್ನಾದಲ್ಲಿ 547ರಲ್ಲಿ ಪ್ರತಿಷ್ಠಿತವಾದ ಸಂತ ವಿಟಾಲಿಸನ ಇಗರ್ಜಿಯೂ ಅಷ್ಟಕೋನವೇ. ಶಿಲಾಗುಮ್ಮಟದ ವ್ಯಾಸವು ಸುಮಾರು 20 ಮೀಟರು. ಕ್ರಿಸ್ತಸಮಾಧಿಯ ಮೇಲಣ ಗುಮ್ಮಟದ ಅಳತೆಯೂ ಹೆಚ್ಚುಕಡಿಮೆ ಅಷ್ಟೇ. ಆ ಇಗರ್ಜಿಯ ವೈಭವವು ಮುಸಲ್ಮಾನರ ಮನಸ್ಸನ್ನು ಸೆಳೆದೀತೆಂಬ ಶಂಕೆಯಿಂದಲೇ ಖಲೀಫನು ಇದನ್ನು ಕಟ್ಟಿಸಿದನೆಂದು 10ನೆಯ ಶತಮಾನದಲ್ಲಿ ಅದೇ ಊರಿನವನಾದ ಅಲ್-ಮುಕದ್ದಸಿಯು ಬರೆದಿರುವನು.

ಆದರೆ ಒಳಹೊಕ್ಕು ನೋಡಿದರೆ ಅರ್ಥವೇ ಬೇರೆ. ಇಗರ್ಜಿಯ ಗೋಡೆಗಳಲ್ಲಿ ಬಣ್ಣದ ಗಾಜಿನ ಹರಳುಗಳಿಂದ ಕ್ರಿಸ್ತನನ್ನೂ ಸಂತರನ್ನೂ ಚಿತ್ರಿಸುತ್ತಿದ್ದರು. ಇಲ್ಲಿ ಅದೇ ಹರಳಿನ ಕೆಲಸದಲ್ಲಿ ಬಳ್ಳಿಗಳೂ ಮರಗಳೂ ಕಿರೀಟಗಳೂ ಇರುವುವೇ ಹೊರತು ಒಂದು ಪ್ರಾಣಿಯ ರೂಪವೂ ಇಲ್ಲ. ವಿಗ್ರಹದ ಸ್ಥಾನವನ್ನು ಅಕ್ಷರವು ಪಡೆದಿದೆ. ಸುಮಾರು 240 ಮೀಟರು ಉದ್ದದ ಬರೆಹವು ದೇವರ ಏಕತ್ವವನ್ನು ಸಾರಿ, ಯೇಸುವನ್ನು ದೇವರ ಪ್ರವಾದಿಯೆಂದು ಗೌರವಿಸಿ, ದೇವರ ಮಗನೆಂಬುದನ್ನು ಮಾತ್ರ ನಿರಾಕರಿಸುವುದು.

ದಮಾಸ್ಕಸ್ ನಗರದ ಮಹಾಮಸೀದಿಯು ಮತ್ತೊಂದು ನಿದರ್ಶನ. ಆ ಪ್ರಾಕಾರದಲ್ಲಿ ಮೊದಲು ರೋಮನರ ಜ್ಯೂಪಿಟರ್ ದೇವಾಲಯವೂ, ಬಳಿಕ ಸಂತ ಯೋಹಾನನ ಇಗರ್ಜಿಯೂ ಇದ್ದುವು. ಮೊದಲನೆಯ ವಲೀದನು 706ರಲ್ಲಿ ಇಗರ್ಜಿಯನ್ನು ವಶಪಡಿಸಿಕೊಂಡು, ಕೆಡವಿಸಿ, ಮಸೀದಿಯನ್ನು ಕಟ್ಟಿಸತೊಡಗಿದನು. ಇಗರ್ಜಿಯಲ್ಲಿ ಕಂಬಸಾಲುಗಳು ಭಕ್ತನನ್ನು ಬಾಗಿಲಿನಿಂದ ಪೂರ್ವದ ಪೂಜಾವೇದಿಕೆಯವರೆಗೆ ನೇರವಾಗಿ ಕರೆದೊಯ್ಯುವುವು. ಮಸೀದಿಯಲ್ಲಿಯೂ ಕಂಬಸಾಲುಗಳು ಪೂರ್ವಪಶ್ಚಿಮವಾಗಿಯೇ ಹರಿದಿರುವುವು. ಆದರೆ ಮಕ್ಕೆಯು ದಕ್ಷಿಣಕ್ಕಿರುವುದರಿಂದ ಪ್ರಾರ್ಥಿಸುವವರು ಉದ್ದನೆಯ ಗೋಡೆಗೆ ಎದುರಾಗಿ, ಹೆಗಲಿಗೆ ಹೆಗಲು ಸೇರಿಸಿ ಸಾಲಾಗಿ ನಿಲ್ಲುವರು. ಇಗರ್ಜಿಯ ಉದ್ದವೇ ಮಸೀದಿಯ ಅಗಲವಾಯಿತು. ಕಂಬಗಳ ಕ್ರಮವು ಹಳೆಯದು. ಮನುಷ್ಯನು ತಿರುಗಿ ನಿಂತದ್ದು ಹೊಸದು. ಯೋಹಾನನ ಶಿರಸ್ಸಿನದೆಂದು ಪೂಜ್ಯವಾದ ಸಮಾಧಿಯು ಇಂದಿಗೂ ಆ ಮಸೀದಿಯೊಳಗೇ ಇದೆ.

ಋಣವನ್ನು ಮರೆಮಾಡುವ ಚಪಲವು ಅನ್ಯಮತದವರ ವಿಷಯದಲ್ಲಿ ಮಾತ್ರ ಹುಟ್ಟುವುದೆಂದು ತಿಳಿಯಬಾರದು. 9ನೆಯ ಶತಮಾನದಲ್ಲಿ ಅಬ್ಬಾಸೀ ಖಲೀಫ ಮಾಮೂನನ ಕಾಲದಲ್ಲಿ, ಶಿಲಾಗುಮ್ಮಟದ ಬರೆಹದಲ್ಲಿದ್ದ ಅಬ್ದುಲ್ ಮಲಿಕನ ಹೆಸರನ್ನು ತೆಗೆದು ಮಾಮೂನನ ಹೆಸರನ್ನು ಕೂರಿಸಿದರು. ಆದರೆ ಹಿಜರಿ 72, ಎಂದರೆ ಕ್ರಿ. ಶ. 691-92, ಎಂಬ ವರ್ಷವನ್ನು ತಿದ್ದಲಿಲ್ಲ. ಆ ವರ್ಷದಲ್ಲಿ ಮಾಮೂನನು ಹುಟ್ಟಿಯೇ ಇರಲಿಲ್ಲ. ಕಟ್ಟಿಸಿದವನು ಯಾರೆಂಬುದನ್ನು ಇತಿಹಾಸಕಾರರು ಆ ವರ್ಷದಿಂದಲೇ ಹೇಳಬಲ್ಲವರಾದರು. ಹಾಗೆಯೇ, ಶಿಲ್ಪಿಗಳ ಹೆಸರು ಎಲ್ಲಿಯೂ ಬರೆದಿಲ್ಲದಿದ್ದರೂ, ಅವರು ಯಾರಿಂದ ವಿದ್ಯೆಯನ್ನು ಕಲಿತರೆಂಬುದನ್ನು ಕಂಬಗಳೂ ಕಮಾನುಗಳೂ ಹೇಳುತ್ತಲಿರುವುವು. ಪ್ರಾಚೀನ ಮಂದಿರಗಳು ಯಾರಿಗೆ ಸೇರತಕ್ಕುವೆಂಬ ವಾದವು ಏಳುವಲ್ಲೆಲ್ಲ ಈ ಸಾಕ್ಷ್ಯವನ್ನೂ ಕೇಳುವುದು ನ್ಯಾಯವು.