ಹಕ್ಕಿ ಕೆರೆಗೆ ವಾಚ್ ಟವರ್: ಎಲ್ಲಿ ಕಟ್ಟಬೇಕು, ಎಷ್ಟು ಎತ್ತರ, ಯಾವ ಸಾಮಾನು? ಮಾಗಡಿ ಕೆರೆ ಇಟ್ಟುಕೊಂಡು ಒಂದು ಲೆಕ್ಕ

ಶಿರಹಟ್ಟಿ: ಚಳಿಗಾಲದಲ್ಲಿ ಮಾಗಡಿ ಕೆರೆಗೆ ಹೊರಗಿನಿಂದ ಬಂದವರು ಗಾಡಿ ಇಳಿದ ಕೂಡಲೇ ಕೇಳೋದು, 'ಹಕ್ಕಿ ಎಲ್ಲಿಂದ ಚಲೋ ಕಾಣ್ತಾವ್ರಿ?' ಅಂತ. ಹಕ್ಕಿ ಬರುವ ಯಾವ ಕೆರೆಯಲ್ಲೂ ಇದಕ್ಕೆ ಥಟ್ಟನೆ ಹೊಳೆಯುವ ಉತ್ತರ ಎತ್ತರದ ಒಂದು ವಾಚ್ ಟವರ್. ಆದರೆ ಟವರ್ ತಪ್ಪು ಜಾಗದಲ್ಲಿ ಎದ್ದರೆ ಹಕ್ಕಿ ದೂರ ಸರಿಯುತ್ತವೆ. ಹಕ್ಕಿ ಸರಿದ ಮೇಲೆ ನೋಡುವವರು ಬರೋದಿಲ್ಲ, ಚಹಾ ಅಂಗಡಿಗೆ ಗಿರಾಕಿಯೂ ಇಲ್ಲ. ಹೊಸದು ಕಟ್ಟುವುದಿರಲಿ, ಇದ್ದದ್ದನ್ನು ದುರಸ್ತಿ ಮಾಡುವುದಿರಲಿ, ಮೊದಲು ಕೆರೆಯ ಅಳತೆ ತಿಳಿದಿರಬೇಕು.

ಮಾಗಡಿ ಕೆರೆ ನೀರಾವರಿಗೆ ಮಳೆನೀರು ಹಿಡಿಯಲು ಕಟ್ಟಿದ ಕೆರೆ. ಈಗ ಅದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ. 2024ರ ಜನವರಿಯಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆ ರಾಮ್ಸರ್ ಪಟ್ಟಿಗೆ ಸೇರಿತು. ಇಲ್ಲಿ 166ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ದಾಖಲಾಗಿವೆ. ಹೆಸರು ತಂದದ್ದು ಮಾತ್ರ ಪಟ್ಟೆತಲೆ ಹೆಬ್ಬಾತು. ಹಿಮಾಲಯ ದಾಟಿ ಬರುವ ಈ ಬಾತುಗಳು ಚಳಿಗಾಲದಲ್ಲಿ ಸುಮಾರು 8,000ದಷ್ಟು ಇಲ್ಲಿ ಸೇರುತ್ತವೆ. ಬೆಳಗಿನ ಜಾವ ಮತ್ತು ಸಂಜೆ ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ, ಹಗಲು ನೀರಿನಲ್ಲಿ ವಿಶ್ರಾಂತಿ. ಆ ಹಗಲಿನ ವಿಶ್ರಾಂತಿಯೇ ಮುಖ್ಯ. ಒಂದೊಂದು ಸಲ ಬೆದರಿ ಎದ್ದಾಗಲೂ, ವಾಪಸ್ ಹಿಮಾಲಯ ದಾಟಲು ಮೈಯಲ್ಲಿ ಕೂಡಿಟ್ಟ ಕೊಬ್ಬು ಕರಗುತ್ತದೆ. ಕೆರೆಯಲ್ಲಿ ನೆಮ್ಮದಿ ಸಿಗದೆ ಹಗಲಲ್ಲೂ ಹೊಲಕ್ಕೆ ಇಳಿದರೆ ಕಡಲಿ, ಶೇಂಗಾ ಹಾಕಿದ ರೈತರ ಕಿರಿಕಿರಿ ಬೇರೆ.

ಜಾಗದ ವಿಚಾರದಲ್ಲಿ ಮೊದಲ ಮಾತು ಕಾನೂನಿನದು. 2017ರ ಜೌಗು ಪ್ರದೇಶಗಳ ಸಂರಕ್ಷಣೆ ಮತ್ತು ನಿರ್ವಹಣೆ ನಿಯಮಗಳು ರಾಮ್ಸರ್ ತಾಣಗಳಿಗೆ ಅನ್ವಯಿಸುತ್ತವೆ. ಕಳೆದ 10 ವರ್ಷದ ಸರಾಸರಿ ಗರಿಷ್ಠ ನೀರಿನ ಮಟ್ಟ (ನಿಯಮ ಜಾರಿಯಾದ ದಿನದಿಂದ ಹಿಂದಕ್ಕೆ ಎಣಿಸಿ) ಎಲ್ಲಿಗೆ ಬರುತ್ತದೋ ಅಲ್ಲಿಂದ 50 ಮೀಟರ್ ಒಳಗೆ ದೋಣಿಕಟ್ಟೆ ಬಿಟ್ಟು ಕಾಯಂ ಕಟ್ಟಡ ಕಟ್ಟುವಂತಿಲ್ಲ. ಅಂದರೆ ನೀರಿಗೆ ತಾಗಿ, ಇಲ್ಲವೇ ಏರಿ ಮೇಲೆ ಕಾಂಕ್ರೀಟ್ ಟವರ್ ಎನ್ನುವ ಯೋಜನೆ ಅಲ್ಲಿಗೇ ಮುಗಿಯಿತು. ಏರಿ ಅಗೆದು ಕಂಬ ಹೂಳೋದು ಕೆರೆಗೂ ಒಳ್ಳೆಯದಲ್ಲ.

50 ಮೀಟರ್ ಹಿಂದೆ ಸರಿದರೆ ಏನು ಕಂಡೀತು ಅನ್ನೋರಿಗೆ ಒಂದು ಸಣ್ಣ ಲೆಕ್ಕ. ನೀರಿನ ಅಂಚಿನಲ್ಲಿ 2 ಮೀಟರ್ ಎತ್ತರದ ಜೊಂಡು ಬೆಳೆದಿದೆ ಎಂದುಕೊಳ್ಳಿ. ನೆಲದ ಮೇಲೆ ನಿಂತವರಿಗೆ ನೀರೇ ಕಾಣದು. ಕಣ್ಣು 5 ಮೀಟರ್ ಎತ್ತರದಲ್ಲಿದ್ದರೆ ಅಂಚಿನಿಂದ 33 ಮೀಟರ್ ಆಚೆಗಿನ ನೀರೆಲ್ಲ ಕಾಣುತ್ತದೆ. ಕಣ್ಣನ್ನು 10 ಮೀಟರಿಗೆ ಏರಿಸಿದರೆ 12-13 ಮೀಟರ್ ಆಚೆಯಿಂದ ಕಾಣುತ್ತದೆ. ಅಂದರೆ ಎತ್ತರ ಎರಡು ಪಟ್ಟು ಮಾಡಿದ್ದಕ್ಕೆ ಸಿಕ್ಕಿದ್ದು ಅಂಚಿನ 20 ಮೀಟರ್ ನೀರು ಮಾತ್ರ. ಹೆಬ್ಬಾತಿನ ಗುಂಪು ಕೂರುವುದು ಅದರಾಚೆಯ ತೆರೆದ ನೀರಿನಲ್ಲಿ. ನಿಂತವರ ಕಣ್ಣು 5 ಮೀಟರ್ ಎತ್ತರಕ್ಕೆ ಬರಬೇಕಾದರೆ ಅಟ್ಟದ ನೆಲ ಮೂರೂವರೆ ಮೀಟರ್ ಇದ್ದರೆ ಸಾಕು, ಒಂದು ಮಾಳಿಗೆಯಷ್ಟು.

ಇನ್ನು ದೂರ. ರಾಮ್ಸರ್ ಪಟ್ಟಿಯಲ್ಲಿ ಮಾಗಡಿಯ ವಿಸ್ತೀರ್ಣ 54 ಹೆಕ್ಟೇರ್, ಸುಮಾರು 134 ಎಕರೆ. ಇಷ್ಟು ಜಾಗ ಚೌಕಾಕಾರದಲ್ಲಿದ್ದರೆ ಒಂದು ಬದಿ ಮುಕ್ಕಾಲು ಕಿಲೋಮೀಟರ್ ಕೂಡ ಆಗದು. 8 ಪಟ್ಟಿನ ಬೈನಾಕ್ಯುಲರ್‌ನಲ್ಲಿ 200 ಮೀಟರ್ ದೂರದ ಹಕ್ಕಿ 25 ಮೀಟರಿನಲ್ಲಿ ಇದ್ದ ಹಾಗೆ ಕಾಣುತ್ತದೆ. 20 ಪಟ್ಟಿನ ಸ್ಟ್ಯಾಂಡ್ ದುರ್ಬೀನಿನಲ್ಲಿ 300 ಮೀಟರ್ ದೂರದ್ದು 15 ಮೀಟರಿಗೆ ಬರುತ್ತದೆ. ಮೇಲಿನ ಎರಡು ಮಾಳಿಗೆಗೆ ಸುರಿಯುವ ದುಡ್ಡಿನಲ್ಲಿ ಒಂದು ಒಳ್ಳೆಯ ದುರ್ಬೀನು, ಬಾಡಿಗೆಗೆ ಕೊಡಲು ನಾಲ್ಕಾರು ಬೈನಾಕ್ಯುಲರ್ ಬರುತ್ತವೆ. ಜನಕ್ಕೆ ಅದೇ ಹೆಚ್ಚು ಉಪಯೋಗ.

ದಿಕ್ಕು ಮರೆಯುವಂತಿಲ್ಲ. ನಮ್ಮ ಕಡೆ ನವೆಂಬರ್‌ನಿಂದ ಫೆಬ್ರುವರಿವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಟವರ್ ಕೆರೆಯ ದಕ್ಷಿಣ ಬದಿಗಿದ್ದು ಉತ್ತರಕ್ಕೆ ಮುಖ ಮಾಡಿದ್ದರೆ ದಿನವಿಡೀ ಬಿಸಿಲು ಬೆನ್ನ ಕಡೆಯೇ ಹೆಚ್ಚು, ಹಕ್ಕಿಯ ಬಣ್ಣ ಸ್ಪಷ್ಟ. ಪಶ್ಚಿಮ ದಂಡೆಯಲ್ಲಿ ಕಟ್ಟಿದರೆ ಬೆಳಿಗ್ಗೆ, ಪೂರ್ವ ದಂಡೆಯಲ್ಲಿ ಕಟ್ಟಿದರೆ ಸಂಜೆ ಬಿಸಿಲು ಕಣ್ಣಿಗೇ ಹೊಡೆಯುತ್ತದೆ. ಜಾಗದ ಅನುಕೂಲ ನೋಡಿಕೊಳ್ಳಲೇಬೇಕು, ಆದರೆ ದಾರಿ ಹತ್ತಿರ ಅಂತ ಮಾತ್ರ ಜಾಗ ಆರಿಸಬಾರದು.

ಜೋಳದ ಹೊಲದಲ್ಲಿ ಹಕ್ಕಿ ಕಾಯಲು ಕಟ್ಟುವ ಅಟ್ಟಣಿಗೆ ಎಲ್ಲರಿಗೂ ಗೊತ್ತು. ಅಲ್ಲಿ ಮನುಷ್ಯ ಎದ್ದು ಕಾಣಬೇಕು, ಕಂಡರೇ ಹಕ್ಕಿ ಓಡೋದು. ಕೆರೆಯ ಟವರ್ ಅದರ ತದ್ವಿರುದ್ಧ. ನಾಲ್ಕೂ ಕಡೆ ತೆರೆದ ಅಟ್ಟದ ಮೇಲೆ ನಿಂತವರು ಆಕಾಶದ ಎದುರು ಕಪ್ಪಗೆ ಕಾಣುತ್ತಾರೆ, ಕೈ ಎತ್ತಿದರೂ ಹಕ್ಕಿಗೆ ತಿಳಿಯುತ್ತದೆ. ಅದಕ್ಕೆ ಮೇಲೆ ಮಾಡು, ಹಿಂದೆ ಪೂರ್ತಿ ಗೋಡೆ, ಮುಂದೆ ಅಡ್ಡ ಕಿಂಡಿಗಳಿರುವ ತಟ್ಟಿ ಬೇಕು. ಒಂದು ಕಿಂಡಿ ನಿಂತವರಿಗೆ, ಇನ್ನೊಂದು ಮಕ್ಕಳಿಗೆ ಮತ್ತು ಕುಳಿತವರಿಗೆ. ಮೆಟ್ಟಿಲು ಕೆರೆಗೆ ಬೆನ್ನು ಮಾಡಿರಲಿ. ಬರಿ ತಗಡಿನ ಮೆಟ್ಟಿಲಾದರೆ ಚಪ್ಪಲಿ ಸದ್ದು ಕೆರೆ ತುಂಬ ಕೇಳುತ್ತದೆ, ಕಟ್ಟಿಗೆ ಹಲಗೆ ಹಾಕಬೇಕು. ಬಣ್ಣ ಮಣ್ಣಿನದು, ಹೊಳಪಿಲ್ಲದ್ದು. ಗಾಜು, ರಾತ್ರಿ ಲೈಟು, ಸೆಲ್ಫಿ ಬೋರ್ಡು ಬೇಡ. ಮೇಲೆ ಹತ್ತಲಾಗದ ಹಿರಿಯರು, ಗಾಲಿಕುರ್ಚಿಯವರಿಗಾಗಿ ಜೊಂಡು ಇಲ್ಲದ ಕಡೆ ನೆಲದಲ್ಲೇ ಬಿದಿರು ತಟ್ಟಿಯ ಮರೆ ನಿಲ್ಲಿಸಬಹುದು. ಹಕ್ಕಿ ಕಾಲ ಮುಗಿದ ಮೇಲೆ ಬಿಚ್ಚಿಟ್ಟರಾಯಿತು.

ಕಟ್ಟುವವರು ಎಡವುವ ಜಾಗ ಬುನಾದಿ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಮೂರು ಅಡಿ ಅಗೆದು ಕಂಬ ನಿಲ್ಲಿಸಿದರೆ ಕೆಲವೇ ವರ್ಷದಲ್ಲಿ ವಾಲೋದು ಗ್ಯಾರಂಟಿ. ಇಂಥ ಮಣ್ಣಿಗೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ ವಿಧಾನ ಇದೆ: ಮಣ್ಣಿನ ಉಬ್ಬರ ತಟ್ಟದಷ್ಟು ಆಳಕ್ಕೆ ಕಿರಿದಾದ ಕುಣಿ ಕೊರೆದು, ತಳದಲ್ಲಿ ಗಂಟೆಯಂತೆ ಅಗಲ ಮಾಡಿ ಕಾಂಕ್ರೀಟ್ ತುಂಬುವುದು. ಕೈಯಿಂದ ತಿರುಗಿಸುವ ಬೈರಿಗೆಯಲ್ಲೇ ಕೊರೆಯಬಹುದು, ದೊಡ್ಡ ಯಂತ್ರ ಕೆರೆಗೆ ಇಳಿಯುವ ಪ್ರಮೇಯವಿಲ್ಲ.

ಮೇಲಿನ ಚೌಕಟ್ಟಿಗೆ ಕಟ್ಟಿಗೆ ಚಂದವೇ, ಆದರೆ ಗೆದ್ದಲಿನ ಕಾಟ. ಸಾದಾ ಕಬ್ಬಿಣಕ್ಕೆ ತುಕ್ಕು. ಸತುವಿನ ಬಿಸಿ ಲೇಪನ ಮಾಡಿಸಿದ ಕಬ್ಬಿಣ, ಬೋಲ್ಟ್ ಜೋಡಣೆ ಎರಡಕ್ಕೂ ಮದ್ದು. ಕೊರೆಯೋದು, ಕತ್ತರಿಸೋದು ಎಲ್ಲ ವರ್ಕ್‌ಶಾಪಿನಲ್ಲೇ ಮುಗಿಸಿ ಆಮೇಲೆ ಲೇಪನಕ್ಕೆ ಕಳಿಸಬೇಕು. ಸ್ಥಳದಲ್ಲಿ ವೆಲ್ಡಿಂಗ್ ಮಾಡಿದರೆ ಅಲ್ಲಿನ ಸತುವು ಸುಟ್ಟು ಅಲ್ಲಿಂದಲೇ ತುಕ್ಕು ಶುರು. ಬೋಲ್ಟ್ ಆದರೆ ನೀರಿನ ಅಂಚು ಬದಲಾದಾಗ, ಹಕ್ಕಿ ಜಾಗ ಬದಲಿಸಿದಾಗ ಬಿಚ್ಚಿ ಬೇರೆಡೆ ನಿಲ್ಲಿಸಬಹುದು. ಅಟ್ಟದ ನೆಲ ಚದರ ಮೀಟರಿಗೆ 500 ಕೆ.ಜಿ. ಭಾರ ತಡೆಯುವಂತೆ ಎಂಜಿನಿಯರ್ ಲೆಕ್ಕ ಹಾಕಿರಬೇಕು, ಜನ ಸೇರುವ ಜಾಗಕ್ಕೆ ಇರುವ ಮಾನದಂಡ ಅದು. ಕೆಲಸಕ್ಕೆ ಸರಿಯಾದ ಕಾಲ ಏಪ್ರಿಲ್, ಮೇ. ಹೆಬ್ಬಾತು ಇರೋದಿಲ್ಲ, ನೆಲವೂ ಒಣಗಿರುತ್ತದೆ. ಬಯಲಿನಲ್ಲಿ ಎತ್ತರದ ವಸ್ತು ಅದೊಂದೇ ಆದ್ದರಿಂದ ಸಿಡಿಲು ತಡೆ ಬೇಕೇಬೇಕು, ಗುಡುಗು ಶುರುವಾದರೆ ಟವರಿಗೆ ಬೀಗ.

ಅಂಗಡಿ, ಪಾರ್ಕಿಂಗ್, ಶೌಚಾಲಯ ಊರಿನ ಕಡೆಗೇ ಇರಲಿ. ಮಿರ್ಚಿ, ಮಂಡಕ್ಕಿ ಟವರ್ ಬುಡಕ್ಕೆ ಬಂದರೆ ಹಿಂದೆಯೇ ಕಾಗೆ, ನಾಯಿ ಬರುತ್ತವೆ. ಹಕ್ಕಿಗೆ ಮನುಷ್ಯರಿಗಿಂತ ನಾಯಿ ಕಾಟವೇ ಜಾಸ್ತಿ. ವ್ಯಾಪಾರಕ್ಕೇನೂ ನಷ್ಟವಿಲ್ಲ: ಹಕ್ಕಿ ನೋಡೋರು ನಸುಕಿಗೇ ಬರುತ್ತಾರೆ, ಊರಲ್ಲಿ ಆ ಹೊತ್ತಿಗೆ ಚಹಾ, ಉಪ್ಪಿಟ್ಟು ಸಿಕ್ಕರೆ ಗಾಡಿ ಅಲ್ಲೇ ನಿಲ್ಲುತ್ತದೆ.

ಕಟ್ಟಿದ ಮೇಲೆ ವರ್ಷಕ್ಕೊಮ್ಮೆ, ಅಕ್ಟೋಬರ್ ಹೊತ್ತಿಗೆ, ಬೋಲ್ಟ್ ಬಿಗಿ ಮಾಡಬೇಕು, ಹಲಗೆ ನೋಡಬೇಕು, ಅಟ್ಟದ ಕೆಳಗೆ ಹೆಜ್ಜೇನು ಕಟ್ಟಿದೆಯೇ ಎಂದು ಪರೀಕ್ಷಿಸಬೇಕು. ಈ ಖರ್ಚನ್ನು ಮೊದಲೇ ಅಂದಾಜು ಪಟ್ಟಿಯಲ್ಲಿ ಸೇರಿಸದಿದ್ದರೆ ಆಮೇಲೆ ಯಾರೂ ಕೊಡೋದಿಲ್ಲ. ಕೇಳುವ ಜಾಗವೂ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 36ಬಿ ಕಲಂ ಪ್ರಕಾರ ಸಂರಕ್ಷಣಾ ಮೀಸಲು ಪ್ರದೇಶಕ್ಕೆ ಒಂದು ನಿರ್ವಹಣಾ ಸಮಿತಿ ಇರಬೇಕು. ಅರಣ್ಯ ಇಲಾಖೆ ಪ್ರತಿನಿಧಿ ಅದರ ಸದಸ್ಯ ಕಾರ್ಯದರ್ಶಿ. ಆ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬರು, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಯಿಂದ ಒಬ್ಬೊಬ್ಬರು, ವನ್ಯಜೀವಿ ಸಂರಕ್ಷಣೆಯಲ್ಲಿ ತೊಡಗಿರುವ ಸರ್ಕಾರೇತರ ಸಂಸ್ಥೆಗಳಿಂದ ಮೂವರು ಇರುತ್ತಾರೆ. ಟವರಿನ ನಕ್ಷೆ ಟೆಂಡರಿಗೆ ಹೋಗುವ ಮುಂಚೆ ಪಂಚಾಯಿತಿ ಪ್ರತಿನಿಧಿ ಮೂಲಕ ಆ ಸಮಿತಿಯ ಮುಂದೆ ಇಡುವಂತೆ ಊರಿನವರು, ಅಂಗಡಿಕಾರರು ಗ್ರಾಮಸಭೆಯಲ್ಲಿ ಕೇಳಬಹುದು.