ಕಯಾಕಿನ ಎರಡನೆಯ ಹುಟ್ಟು

ಗ್ರೀನ್‌ಲೆಂಡಿನ ಇನೂಯಿಟ್ ಬೇಟೆಗಾರರ ಕಯಾಕ್ ಎಂಬ ದೋಣಿಯು ಒಬ್ಬನೇ ಕುಳಿತು ನಡೆಸತಕ್ಕುದಾಗಿದ್ದಿತು. ಕಡಲಿನಲ್ಲಿ ತೇಲಿಬಂದ ಮರದಿಂದ ಅದರ ಚೌಕಟ್ಟು. ಮೇಲೆ ಸೀಲ್ ಎಂಬ ಕಡಲಪ್ರಾಣಿಯ ತೊಗಲಿನ ಹೊದಿಕೆ. ಬೇಟೆಗಾರನು ತನ್ನ ತೊಗಲಂಗಿಯ ಅಂಚನ್ನು ತಾನು ಕುಳಿತ ಕಂಡಿಯ ಸುತ್ತಣ ಬಳೆಗೆ ಬಿಗಿಯುತ್ತಿದ್ದುದರಿಂದ ದೋಣಿಯು ಮಗುಚಿದರೂ ನೀರು ಒಳಹೊಗುತ್ತಿರಲಿಲ್ಲ. ಹುಟ್ಟನ್ನು ಬೀಸಿ ಅವನು ಮರಳಿ ಮೇಲೇಳುತ್ತಿದ್ದನು. ಆ ಹುಟ್ಟೇ ಕೈತಪ್ಪಿದರೆ ಗತಿಯೇನು?

ಡೇವಿಡ್ ಕ್ರಾಂಟ್ಸನು 1765ರಲ್ಲಿ ಪ್ರಕಟಿಸಿದ ಗ್ರೀನ್‌ಲೆಂಡಿನ ಚರಿತ್ರೆಯಲ್ಲಿ ಇದಕ್ಕೆ ಉತ್ತರವು ದೊರೆಯುತ್ತದೆ. ಮಗುಚಿ ಏಳುವ ಅಭ್ಯಾಸಗಳನ್ನು ಎಣಿಸುವಾಗ, ಹುಟ್ಟನ್ನು ಕಳೆದುಕೊಂಡವನು ಈಟಿಯೆಸೆಯುವ ಹಲಗೆಯಿಂದಲೂ ಬರಿಗೈಯಿಂದಲೂ ಏಳುವ ಬಗೆಯನ್ನು ಅವನು ಹೇಳಿದ್ದಾನೆ. ನೋರ್ಸಾಕ್ ಎಂಬ ಈ ಹಲಗೆಯು ಈಟಿಯೊಡನೆ ದೋಣಿಯ ಮೇಲ್ಮೈಯಲ್ಲಿಯೇ ಕೈಗೆಟುಕುವಂತೆ ಇರುತ್ತಿದ್ದಿತು. ಹೀಗೆ ಬೇಟೆಯ ಸಲಕರಣೆಯೇ ಆಪತ್ಕಾಲದ ಹುಟ್ಟಾಯಿತು.

ಈ ಕಡಲಿನಲ್ಲಿ ಎಷ್ಟು ಎಚ್ಚರವಿದ್ದರೂ ಸಾಲದು. ಗ್ರೀನ್‌ಲೆಂಡಿನವರಿಂದಲೇ ಕಯಾಕ್ ವಿದ್ಯೆಯನ್ನು ಕಲಿತ ಬ್ರಿಟಿಷ್ ಅನ್ವೇಷಕ ಗೀನೋ ವಾಟ್‌ಕಿನ್ಸನು 1932ರ ಆಗಸ್ಟ್ 20ರಂದು ಒಬ್ಬಂಟಿಯಾಗಿ ಬೇಟೆಗೆ ಹೋದನು. ಬರಿದಾದ ಕಯಾಕ್ ದೊರೆಯಿತು; ದೇಹವು ದೊರೆಯಲಿಲ್ಲ.

ಇಂದಿನ ಕಡಲಯಾತ್ರಿಕರು ಎರಡು ತುಂಡಾಗಿ ಬಿಡಿಸಬಹುದಾದ ಇನ್ನೊಂದು ಹುಟ್ಟನ್ನು ಕಯಾಕಿನ ಮೇಲ್ಮೈಗೆ ಕಟ್ಟಿ ಒಯ್ಯುತ್ತಾರೆ. ಸಾಧನವು ಬೇರೆಯಾದರೂ ನಿಯಮವು ಹಳೆಯದೇ. ಮಗುಚಿದ ದೋಣಿಯಡಿಯಲ್ಲಿ ಸಿಗುವುದು ಒಂದು ಉಸಿರಿನ ಅವಧಿ ಮಾತ್ರ. ಅಷ್ಟರಲ್ಲಿ ಕೈಗೆ ಬಾರದ ಹುಟ್ಟು ಇದ್ದೂ ಇಲ್ಲದಂತೆಯೇ ಸರಿ.